ಹಾರ್ಮೋನಿಯಂ ಮುನೀಂದ್ರ ಆರಿಸಿ ತಂದ ಡಬ್ಬ

ಹಾರ್ಮೋನಿಯಂ ಮೇಷ್ಟ್ರು ಮುನೀಂದ್ರ ಸತ್ತ. ಭಾನುವಾರ ಮಧ್ಯಾಹ್ನ ಎರಡೂವರೆಗೆ, ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ಆಂಬುಲೆನ್ಸಿನೊಳಗೆ. ತಲೆಯ ಎಡಭಾಗಕ್ಕೆ ಮಚ್ಚಿನ ಬೆನ್ನಿನ ಏಟು ಬಿದ್ದಿತ್ತು. ವಯಸ್ಸು ನಲವತ್ತೇಳು. ಹೆಂಡತಿ ಶಿಲ್ಪ ಇದ್ದಾಳೆ, ಹೈಸ್ಕೂಲಿನಲ್ಲಿ ಓದುವ ಮಗಳು ನವ್ಯಶ್ರೀ ಇದ್ದಾಳೆ. ಮಚ್ಚು ಅವನಿಗೆಂದು ಬೀಸಿದ್ದಲ್ಲ ಎಂದು ಪೊಲೀಸರ ಕಾಗದದಲ್ಲಿ ಬರೆದಿದೆ. ಅದು ನಿಜ. ಆ ದಿನ ಬೇರೆ ಯಾರ ಹೆಣವೂ ಬೀಳಲಿಲ್ಲ ಎಂಬುದೂ ನಿಜ. ಆದರೆ ಮಚ್ಚು ಹಿಡಿದು ಬಂದವರಿಗೆ ಜಾಗ, ದಿನ, ಹೊತ್ತು ಮೂರನ್ನೂ ಹೇಳಿ ಬಂದವನು ಮುನೀಂದ್ರನೇ. ಅದನ್ನು ಯಾವ ಕಾಗದದಲ್ಲೂ ಬರೆದಿಲ್ಲ. ಆದ್ದರಿಂದ ಇಲ್ಲಿ ಬರೆಯಬೇಕಾಗಿದೆ.

ಮುನೀಂದ್ರ ಹುಟ್ಟಿದ್ದು ಬೂದಿಗೆರೆಯಲ್ಲಿ. ಹದಿನೆಂಟಕ್ಕೆ ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಶೆಡ್ಡಿಗೆ ಬಂದು ಸೇರಿದ. ಹನ್ನೆರಡು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನೊಳಗೆ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಅಂಥ ಕಡೆ ಮುನೀಂದ್ರನಿಗೆ ಒಂದೊಂದು ಮಗ್ಗದ ಸದ್ದೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಒಂದು ದಿನ ಏಳನೆಯ ಮಗ್ಗದ ಬಡಿತ ಕೂದಲೆಳೆಯಷ್ಟು ಹಿಂದೆ ಬಿತ್ತು. ಲಾಳಿ ಹಾರುತ್ತದೆ ಎಂದು ಅವನಿಗೆ ಗೊತ್ತಾಯಿತು. ಕೂಗಿದ. ಆ ಮಗ್ಗದ ಮುಂದೆ ನಿಂತಿದ್ದ ಲಕ್ಷ್ಮಯ್ಯನಿಗೆ ಕೇಳಲಿಲ್ಲ. ತುದಿಗೆ ಉಕ್ಕಿನ ಮೊನೆಯಿದ್ದ ಲಾಳಿ ಹಾರಿ ಬಂದು ಲಕ್ಷ್ಮಯ್ಯನ ಬಲಗಣ್ಣಿಗೆ ನೆಟ್ಟಿತು. ಅದನ್ನು ಕಿತ್ತವನು ಮುನೀಂದ್ರ. ಕಣ್ಣು ಲಾಳಿಯ ಜೊತೆಗೇ ಬಂತು.

ಲಕ್ಷ್ಮಯ್ಯ ಊರೂರಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಮನುಷ್ಯ. ಆಸ್ಪತ್ರೆಯಲ್ಲಿ ಮುಖಕ್ಕೆಲ್ಲ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದವನು ಕೇಳಿದ:

“ಹಾರೋಕ್ ಮುಂಚೇನೇ ಕೂಗ್ದಂತಲ್ಲ, ನಿಂಗೆಂಗ್ಲಾ ಗೊತ್ತಾಯ್ತು?”

“ಸದ್ದು ತಪ್ಪಿತ್ತು ಕಣಣ್ಣ.”

“ಹನ್ನೆರಡು ಮಗ್ಗದಾಗೆ?”

“ಹೂಂ.”

“ಹಂಗಾದ್ರೆ ನೀನು ಆ ಶೆಡ್ಡಲ್ಲಿ ನಿಂತು ಕಿವುಡಾಗ್ಬೇಡ. ನಾನು ಮನೆಗೆ ಹೋದ್ಮೇಲೆ ಬಾ, ಹಾರ್ಮೋನಿಯಂ ಪೆಟ್ಟಿಗೆ ಹೇಳ್ಕೊಡ್ತೀನಿ.”

ಹೀಗೆ ಅವನು ಮೇಷ್ಟ್ರಾದ. ಇಪ್ಪತ್ತೆರಡು ವರ್ಷ ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ರೈತರಿಗೆ, ಡ್ರೈವರುಗಳಿಗೆ, ಪಂಚಾಯಿತಿ ಮೆಂಬರುಗಳಿಗೆ ಪದ್ಯ ಹೇಳಿಕೊಟ್ಟ. ಸೌಮ್ಯನಲ್ಲ. ಶ್ರುತಿ ಬಿಟ್ಟವನ ಗೆಣ್ಣಿಗೆ ಮರದ ಪಟ್ಟಿಯಿಂದ ಬಾರಿಸುತ್ತಿದ್ದ. ಒಮ್ಮೆ ಮಂತ್ರಿಯ ಪಾತ್ರದ ಮೆಂಬರೊಬ್ಬ ನಾಲ್ಕು ಸಲ ಹೇಳಿದರೂ ಕೇಳದೆ ಮೇಲಕ್ಕೆ ಹೋದಾಗ ಕೆನ್ನೆಗೆ ಹೊಡೆದ. ಮೆಂಬರು ಕೆನ್ನೆ ಉಜ್ಜಿಕೊಳ್ಳುತ್ತ, “ಅಸೆಂಬ್ಲಿ ಎಲೆಕ್ಷನ್‌ನಾಗೂ ಇಂಥ ಏಟು ತಿಂದಿಲ್ಲ ಮೇಷ್ಟ್ರೆ” ಎಂದು ಸರಿಯಾದ ಶ್ರುತಿಗೆ ಬಂದ.

ಆದರೆ ಒಂದು ವಿಷಯದಲ್ಲಿ ಮುನೀಂದ್ರ ತೀರ ಕಟ್ಟುನಿಟ್ಟು. ನಾಟಕದಲ್ಲಿ ಎದುರಾಳಿ ಪಾತ್ರ ಮಾಡುವ ಇಬ್ಬರಿರುತ್ತಾರಲ್ಲ, ಅವರಲ್ಲಿ ಒಬ್ಬನಿಗೆ ಮೇಷ್ಟ್ರು ಒಂದು ದಿನ ಹೆಚ್ಚು ಪಾಠ ಹೇಳಿದರೆ ಇನ್ನೊಬ್ಬನ ಮನೆಗೆ ಹೋಗಿ ಅದನ್ನು ತಿಳಿಸಿ ಬರಬೇಕು. ‘ಮೇಷ್ಟ್ರು ಅವನ ಕಡೆ’ ಎಂಬ ಮಾತು ಹುಟ್ಟಬಾರದು. ಇದು ಲಕ್ಷ್ಮಯ್ಯ ಕಲಿಸಿದ ಪದ್ಧತಿ. ಮುನೀಂದ್ರ ಅದನ್ನು ಒಂದು ಸಲವೂ ತಪ್ಪಿಸಲಿಲ್ಲ.

ಹೋದ ವರ್ಷ ಕುಂದಾಣ ಹೋಬಳಿಯ ಒಂದು ಊರಿನವರು ಅವನನ್ನು ಕರೆಸಿದರು. ಆ ಊರಲ್ಲಿ ಬೈರೇಶ್ ಮತ್ತು ಅನಿಲ್‌ಕುಮಾರ್ ಎಂಬ ಇಬ್ಬರು ದಾಯಾದಿಗಳು, ಅಣ್ಣತಮ್ಮಂದಿರ ಮಕ್ಕಳು. ಇಬ್ಬರ ಹೊಲಗಳ ನಡುವೆ ಒಂದು ಬಂಡಿದಾರಿ. ವಿಮಾನ ನಿಲ್ದಾಣ ಬಂದಮೇಲೆ ಆ ಕಡೆ ಅಂಗೈ ಅಗಲದ ನೆಲಕ್ಕೂ ಜನ ಕಾದಿರುತ್ತಾರೆ. ಬೈರೇಶ್ ದಾರಿಗೆ ಮುಳ್ಳುತಂತಿ ಹಾಕಿದ. ಅನಿಲ್‌ಕುಮಾರ್ ತಂತಿ ಕತ್ತರಿಸಿದ. ಒಂದು ಬೆಳಿಗ್ಗೆ ಬೈರೇಶನ ತಮ್ಮನ ಹೆಗಲಿಗೆ ಕುಡುಗೋಲು ಬಿತ್ತು. ಅದಾದ ಎಂಟು ದಿನಕ್ಕೆ ಅನಿಲ್‌ಕುಮಾರನ ಅಪ್ಪನ ಎಡಗೈಯ ಎರಡು ಬೆರಳು ಹೋದವು. ಎರಡೂ ಕೇಸು ಕೋರ್ಟಿನಲ್ಲಿವೆ.

ಇಬ್ಬರಿಗೂ ದೊಡ್ಡಪ್ಪನಾಗಬೇಕಾದ ಪಿಳ್ಳಪ್ಪ ಊರಿನ ಹಿರಿಯ. ನಾಟಕ ಆಡಿಸಿದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆಂದು ಅವನ ಲೆಕ್ಕಾಚಾರ. ಆ ಊರಲ್ಲಿ ತಲೆಮಾರುಗಳಿಂದ ಆಡುವ, ಯಾರು ಬರೆದರೆಂದು ಯಾರಿಗೂ ಗೊತ್ತಿಲ್ಲದ ಒಂದು ಕೈಬರಹದ ನಾಟಕವಿದೆ. ಒಬ್ಬ ಪಾಳೇಗಾರ, ಅವನ ವಿರುದ್ಧ ತಿರುಗಿಬೀಳುವ ಒಬ್ಬ ದಳವಾಯಿ. ಬೈರೇಶನಿಗೆ ಪಾಳೇಗಾರನ ಪಾತ್ರ, ಅನಿಲ್‌ಕುಮಾರನಿಗೆ ದಳವಾಯಿಯದು.

“ಬಡಿದಾಡೋದಿದ್ರೆ ತಗಡಿನ ಕತ್ತೀಲಿ ಬಡಿದಾಡ್ಕೊಳ್ಳಲಿ ಮೇಷ್ಟ್ರೆ,” ಅಂದ ಪಿಳ್ಳಪ್ಪ. “ರಂಗದ ಮೇಲೆ ರೋಷ ಇಳಿದೋಗ್ಲಿ.”

ಬೈರೇಶ್ ಪಾತ್ರ ಒಪ್ಪಿಕೊಂಡ, ಚಾಪೆಯನ್ನು ಒಪ್ಪಿಕೊಳ್ಳಲಿಲ್ಲ. “ಅವನು ಕೂತಿರೋ ಜಾಗದಾಗೆ ನಾನು ಕೂರಲ್ಲ. ನನ್ನ ಪದ್ಯ ಮೊಬೈಲಿಗೆ ಹಾಕ್ಕೊಡಿ, ನಾನೇ ಕಲೀತೀನಿ” ಅಂದ. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಪಕ್ಕದಲ್ಲಿ ಕೂರದವನನ್ನು ರಂಗಕ್ಕೆ ಬಿಡಬಾರದು ಎಂದು ಮುನೀಂದ್ರನಿಗೆ ಗೊತ್ತಿತ್ತು. ಆದರೂ ಒಪ್ಪಿದ. ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಪಾಠಕ್ಕಿಂತ ಮೊದಲು ರಕ್ತ ಬರುತ್ತದೆಂಬ ಭಯ ಅವನಿಗೂ ಇತ್ತು. ಪದ್ಧತಿಯಂತೆ ಅನಿಲ್‌ಕುಮಾರನ ಮನೆಗೆ ಹೋಗಿ, “ಬೈರೇಶನಿಗೆ ರೆಕಾರ್ಡ್ ಮಾಡಿ ಕೊಡ್ತಾ ಇದ್ದೀನಿ, ಬೇಕಾದ್ರೆ ನಿನಗೂ ಮಾಡ್ಕೊಡ್ತೀನಿ” ಎಂದು ಹೇಳಿ ಬಂದ.

ದೊಡ್ಡಬಳ್ಳಾಪುರದ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಮುನೀಂದ್ರ ಗೋಡೆಗೆ ಹಳೇ ಕೌದಿಗಳನ್ನು ಹೊಡೆದು ರೆಕಾರ್ಡಿಂಗಿಗೆ ಜಾಗ ಮಾಡಿಕೊಂಡಿದ್ದ. ಒಂದು ಲ್ಯಾಪ್‌ಟಾಪು, ಎರಡು ಮೈಕು, ನಡುವೆ ಒಂದು ಆಡಿಯೊ ಇಂಟರ್‌ಫೇಸ್. ಮೈಕಿಗೆ ಬಿದ್ದ ದನಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳನ್ನಾಗಿ ಮಾಡಿ ಕೊಡುವುದು ಅದರ ಕೆಲಸ. ಮುನೀಂದ್ರ ಅದನ್ನು ಡಬ್ಬ ಎನ್ನುತ್ತಿದ್ದ. ಆಗ ಅವನಲ್ಲಿದ್ದದ್ದು ಆನ್‌ಲೈನಿನಲ್ಲಿ ತರಿಸಿದ, ಕೆಂಪು ಪ್ಲಾಸ್ಟಿಕ್ಕಿನ, ಹೆಸರಿಲ್ಲದ ಡಬ್ಬ. ಬೈರೇಶನ ಹನ್ನೊಂದು ಪದ್ಯಗಳನ್ನು ತಾನೇ ಹಾಡಿ, ತಾನೇ ನುಡಿಸಿ, ಒಂದೇ ದಿನ ಮುಗಿಸಿದ. ಶುರು ಮಾಡುವ ಮುಂಚೆ ಕರೆಂಟು ಒಂದು ಸಲ ರೆಪ್ಪೆ ಬಡಿದಂತೆ ಹೋಗಿ ಬಂತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ಡಬ್ಬ ಆರಿ ಮತ್ತೆ ಹತ್ತಿತು. ರೆಕಾರ್ಡಿಂಗ್ ಮುಗಿದಮೇಲೆ ಅದೇ ಡಬ್ಬಕ್ಕೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದ. ಸರಿಯಾಗಿತ್ತು. ಬೈರೇಶನಿಗೆ ಕಳಿಸಿದ.

ಬೈರೇಶ್ ಹಟವಾದಿ. ಪೆಟ್ಟಿಗೆಯ ಮುಂದೆ ಒಂದು ದಿನವೂ ಬರಲಿಲ್ಲ. ಮೂರು ತಿಂಗಳು ಟ್ರ್ಯಾಕ್ಟರ್ ಮೇಲೆ, ಕೊಟ್ಟಿಗೆಯಲ್ಲಿ, ಹಾಲಿನ ಡೇರಿಗೆ ಹೋಗುವ ದಾರಿಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಡಿದ. ಮೇಲಿನ ಸ್ವರಕ್ಕೆ ಗಂಟಲು ಕಿತ್ತು ಉಗುಳಿನಲ್ಲಿ ರಕ್ತ ಬಂತು. ಬಿಡಲಿಲ್ಲ.

ಹಳೇ ಜಗಳದ ಕಾರಣ ಪೊಲೀಸರು ರಾತ್ರಿ ನಾಟಕಕ್ಕೆ ಅನುಮತಿ ಕೊಡಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ, ಶಾಮಿಯಾನದ ಕೆಳಗೆ, ಸಾವಿರ ಜನರ ಮುಂದೆ ಶುರುವಾಯಿತು. ಪಾಳೇಗಾರ ಪರದೆಯ ಹಿಂದಿನಿಂದಲೇ ಹಾಡುತ್ತ ಬರಬೇಕು. ಬೈರೇಶ್ ಹಾಡುತ್ತ ಬಂದ. ಒಳ್ಳೆಯ, ತುಂಬಿದ ದನಿ. ಮುನೀಂದ್ರ ಪೆಟ್ಟಿಗೆಯ ಮೊದಲ ಕಪ್ಪು ಕೀ, ಅಂದರೆ ಕಪ್ಪು ಒಂದರ ಶ್ರುತಿ ಹಿಡಿದು ಕೂತಿದ್ದ. ಬಂದ ದನಿ ಆ ಶ್ರುತಿಯಲ್ಲಿರಲಿಲ್ಲ. ಅದರ ಮೇಲಿನ ಬಿಳಿ ಎರಡಕ್ಕೆ ಹೋದ, ಸಿಗಲಿಲ್ಲ. ಅದರ ಮುಂದಿನ ಕಪ್ಪು ಎರಡಕ್ಕೆ ಹೋದ, ದನಿ ಅದಕ್ಕಿಂತ ಕೆಳಗಿತ್ತು. ಹಾರ್ಮೋನಿಯಂನಲ್ಲಿ ಯಾವ ಕೀಯೂ ಇಲ್ಲದ ಕಡೆ ಬೈರೇಶ್ ಗಟ್ಟಿಯಾಗಿ ನಿಂತು ಹಾಡುತ್ತಿದ್ದ. ಮುನೀಂದ್ರ ಕಪ್ಪು ಒಂದನ್ನು ಜೋರಾಗಿ ಒತ್ತಿ ಕರೆದ. ಬೈರೇಶ್ ಇಳಿಯಲು ನೋಡಿದ, ಗಂಟಲು ಅರ್ಧದಾರಿಯಲ್ಲಿ ಒಡೆಯಿತು. ಹಿಂದಿನ ಸಾಲಿನಿಂದ ಸಿಳ್ಳೆ ಬಂತು. ಆಮೇಲೆ ನಗು.

ಆಗ ದಳವಾಯಿ ಬಂದು ದೊರೆಗೆ ಕೈಮುಗಿಯಬೇಕು. ಅನಿಲ್‌ಕುಮಾರ್ ಬಂದ, ಕೈಮುಗಿದ, ನಾಟಕದಲ್ಲಿಲ್ಲದ ಮಾತು ಆಡಿದ:

“ಏನ್ ದೊರೆಗಳೇ, ಕರು ಬಿಟ್ಟು ಬಂದಿದ್ದೀರಾ? ಎಮ್ಮೆ ಹಂಗೆ ಕೂಗ್ತಾ ಇದ್ದೀರಲ್ಲ!”

ಸಾವಿರ ಜನ ನಕ್ಕರು. ಬೈರೇಶ್ ತಗಡಿನ ಕತ್ತಿ ಬೀಸಿದ. ತಗಡಿನ ಅಂಚು ಅನಿಲ್‌ಕುಮಾರನ ಹುಬ್ಬನ್ನು ಸೀಳಿತು. ಕಣ್ಣಿಗೆ ಹಚ್ಚಿದ ಕಾಡಿಗೆ ರಕ್ತದೊಂದಿಗೆ ಕಲೆತು ಕೆನ್ನೆಯ ಮೇಲೆ ಇಳಿಯಿತು. ಆಮೇಲೆ ಎರಡೂ ಕಡೆಯವರು ರಂಗಕ್ಕೆ ನುಗ್ಗಿದರು. ಕುರ್ಚಿಗಳು ಹಾರಿದವು, ಶಾಮಿಯಾನದ ಗಳು ಕಿತ್ತು ಬಂದವು, ರಾಣಿಯ ವೇಷದವನ ಹಲ್ಲು ಮುರಿಯಿತು. ಮುನೀಂದ್ರ ಎದ್ದು ಓಡಲಿಲ್ಲ. ಕೈ ಕೀಗಳ ಮೇಲೆಯೇ ಇತ್ತು. ಅವನಿನ್ನೂ ಆ ಸಿಗದ ಶ್ರುತಿಯನ್ನೇ ಹುಡುಕುತ್ತಿದ್ದ. ಬೈರೇಶ್ ಅವನ ಮುಂದೆ ಬಂದು ನಿಂತ.

“ಎಷ್ಟಕ್ಲೇ ಮಾರ್ಕೊಂಡೆ ನನ್ನ ಶ್ರುತಿನ, ಆ ನನ್ ಮಗನಿಗೆ?”

“ಬೈರೇಶ, ನಾನು—”

ಪೆಟ್ಟಿಗೆಯ ಮರದ ಮುಚ್ಚಳವನ್ನು ಬೈರೇಶ್ ಎರಡೂ ಕೈಯಿಂದ ಕೆಳಗೆ ಅಪ್ಪಳಿಸಿದ. ಮುನೀಂದ್ರನ ಬಲಗೈಯ ಮೂರು ಬೆರಳು ಮುರಿದವು. ಒಳಗೆ ಗಾಳಿಯಿತ್ತು, ಬೆರಳಡಿ ಸಿಕ್ಕಿದ ಕೀಗಳೆಲ್ಲ ಒಟ್ಟಿಗೆ ಕೂಗಿದವು.

ಕಂಪ್ಲೇಂಟ್ ಕೊಡೋಣ ಎಂದು ಶಿಲ್ಪ ನಾಲ್ಕು ದಿನ ಹೇಳಿದಳು. ಅವನು ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದ.

“ಅವನು ತಪ್ಪು ಹಾಡ್ಲಿಲ್ಲ ಕಣೆ.”

“ತಪ್ಪು ಹಾಡ್ದಲೆ ಜನ ನಕ್ಕರಾ?”

“ಶ್ರುತಿ ಬಿಡೋನು ಒಂದ್ಸಲ ಮೇಲೆ ಹೋಗ್ತಾನೆ, ಒಂದ್ಸಲ ಕೆಳಗೆ ಬೀಳ್ತಾನೆ. ಇವನು ಮೊದಲಿಂದ ಕೊನೆವರೆಗೂ ಒಂದೇ ಕಡೆ ನಿಂತಿದ್ದ. ಅದನ್ನ ಯಾರೋ ಕಲಿಸಿರಬೇಕು.”

ಐದನೆಯ ದಿನ ಬೈರೇಶನಿಗೆ ಕಳಿಸಿದ್ದ ಪದ್ಯವನ್ನು ಶಿಲ್ಪಳ ಮೊಬೈಲಿನಲ್ಲಿ ಹಾಕಿಸಿದ. ಪಕ್ಕದಲ್ಲಿ ಎಡಗೈಯಿಂದ ಹಾರ್ಮೋನಿಯಂ ಒತ್ತಿದ. ಮೊಬೈಲಿನಲ್ಲಿ ನುಡಿಯುತ್ತಿದ್ದದ್ದೂ ಅವನದೇ ಹಾರ್ಮೋನಿಯಂ, ಆದರೆ ಅದರ ಶ್ರುತಿ ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಎಲ್ಲೋ ಇತ್ತು. ಪದ್ಯದ ನಡೆಯೂ ಚೂರು ಜೋರಾಗಿತ್ತು. ಅದೇ ಪದ್ಯವನ್ನು ಕೆಂಪು ಡಬ್ಬದ ಮೂಲಕ ಕೇಳಿದ. ಕಪ್ಪು ಒಂದು. ಸರಿಯಾಗಿತ್ತು.

ಕೆಡಲು ಒಂದು ಕ್ಷಣ ಸಾಕಾಗಿತ್ತು. ದನಿಯನ್ನು ಡಬ್ಬ ಒಂದು ಸೆಕೆಂಡಿಗೆ ಇಷ್ಟು ಸಾವಿರ ಸಲ ಅಳೆದು ಕೊಡುತ್ತದೆ. ನಲವತ್ತೆಂಟು ಸಾವಿರ ಸಲ ಎಂದು ಕಂಪ್ಯೂಟರಿಗೆ ಹೇಳಿತ್ತು. ಕರೆಂಟು ಹೋಗಿ ಬಂದಾಗ ಡಬ್ಬ ತನ್ನಷ್ಟಕ್ಕೆ ನಲವತ್ತನಾಲ್ಕು ಸಾವಿರದ ನೂರಕ್ಕೆ ಇಳಿದು, ಆ ವಿಷಯ ಯಾರಿಗೂ ಹೇಳಲಿಲ್ಲ. ಕಂಪ್ಯೂಟರು ಹಳೇ ಲೆಕ್ಕದಲ್ಲೇ ಬರೆದುಕೊಂಡಿತು. ಆ ಲೆಕ್ಕದಲ್ಲಿ ನುಡಿಸಿದರೆ ದನಿ ಬೇಗ ಓಡುತ್ತದೆ, ಓಡಿದಷ್ಟೂ ಮೇಲಕ್ಕೇರುತ್ತದೆ. ಮಗ್ಗದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂಚಿಗೆ ಹಾಕಬೇಕಾದ ಎಳೆ ಕಡಿಮೆ ಬಿದ್ದರೆ ಬಾರ್ಡರಿನ ಹೂವು ಅದೇ ಹೂವಾಗಿರುತ್ತದೆ, ಆದರೆ ಅಳತೆ ಬೇರೆಯಾಗಿರುತ್ತದೆ. ಅದೇ ಡಬ್ಬದಲ್ಲಿ ಕೇಳಿದಾಗ ಅದು ಅದೇ ತಪ್ಪು ಅಳತೆಯಲ್ಲಿ ನುಡಿಸಿ, ಸರಿಯೆಂದು ನಂಬಿಸಿತ್ತು. ಬೈರೇಶನ ಮೊಬೈಲು ಸರಿಯಾದ ಅಳತೆಯಲ್ಲಿ ನುಡಿಸಿ, ತಪ್ಪು ಶ್ರುತಿ ಕಲಿಸಿತ್ತು. ಬೇರೆ ಮೊಬೈಲಿನಲ್ಲಿ ಒಂದೇ ಒಂದು ಸಲ ಕೇಳಿದ್ದರೆ ಸಾಕಾಗಿತ್ತು. ಮುನೀಂದ್ರ ಕೇಳಿರಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಬೈರೇಶನ ರಾಗಿ ಹುಲ್ಲಿನ ಬಣವೆ ಹಾಡುಹಗಲೇ ಹೊತ್ತಿ ಉರಿಯಿತು. ಪಕ್ಕದಲ್ಲಿ ಕಟ್ಟಿದ್ದ ಕರು ಹಗ್ಗದಲ್ಲೇ ಬೆಂದಿತು. ಮಾರನೆಯ ಬೆಳಿಗ್ಗೆ ಅನಿಲ್‌ಕುಮಾರನ ದ್ರಾಕ್ಷಿ ತೋಟದಲ್ಲಿ ನೂರ ಎಂಬತ್ತು ಬಳ್ಳಿಗಳ ಬುಡ ಕಡಿದು ಬಿದ್ದಿತ್ತು. ಪಿಳ್ಳಪ್ಪ ಫೋನಿನಲ್ಲಿ ಅತ್ತ. “ಅನಿಲ ನಿಮ್ಮನ್ನ ಕೊಂಡ್ಕೊಂಡು ತನ್ನ ಮಾನ ತೆಗೆಸಿದ ಅಂತ ಬೈರೇಶ ಊರೆಲ್ಲಾ ಹೇಳ್ಕೊಂಡು ತಿರುಗ್ತಾವನೆ ಮೇಷ್ಟ್ರೆ. ಒಂದು ತಲೆ ಉರುಳೋದು ಗ್ಯಾರಂಟಿ.”

ಆ ಒಂದು ನಂಬಿಕೆ ಸುಳ್ಳೆಂದು ತೋರಿಸಿದರೆ ಬೈರೇಶನ ಕೈ ಇಳಿಯಬಹುದು. ಮಾತಿನಲ್ಲಿ ಹೇಳಿದರೆ ಅವನು ನಂಬುವವನಲ್ಲ, ಕಿವಿಗೆ ತೋರಿಸಬೇಕು. ಆಮೇಲೆ ಅದೇ ಪದ್ಯವನ್ನು ಸರಿಯಾದ ಶ್ರುತಿಯಲ್ಲಿ ಅವನಿಂದಲೇ ಹಾಡಿಸಿ, ನಕ್ಕ ಊರಿಗೆ ಕೇಳಿಸಬೇಕು. ಇದಕ್ಕೆ ಸುಳ್ಳು ಹೇಳದ ಒಂದು ಡಬ್ಬ ಬೇಕು. ಮುನೀಂದ್ರ ಒಂದು ಸಣ್ಣ ಹಾರ್ಮೋನಿಯಂ ಚೀಲಕ್ಕೆ ಹಾಕಿ, ಕುತ್ತಿಗೆಗೆ ಕೈ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ.

ಸಂಗೀತದ ಸಾಮಾನಿನ ಅಂಗಡಿಯಲ್ಲಿದ್ದವನು ನವೀನ್‌ಕುಮಾರ್, ನಂದಗುಡಿಯವನು.

“ಎಷ್ಟು ಇನ್‌ಪುಟ್ ಬೇಕು ಸಾರ್?”

“ಎರಡು. ಒಂದು ಬಾಯಿಗೆ, ಒಂದು ಪೆಟ್ಟಿಗೆಗೆ.”

“ಹಂಗಾದ್ರೆ ಇದು ತಗೊಳ್ಳಿ, ಸಖತ್ತಾಗಿದೆ. ನಾಲ್ಕು ಸಾಫ್ಟ್‌ವೇರ್ ಫ್ರೀ.”

“ಫ್ರೀದು ಆಮೇಲೆ. ಇದು ರೆಕಾರ್ಡ್ ಆಗ್ತಾ ಇರೋವಾಗ ವೈರು ಕಿತ್ತು ಮತ್ತೆ ಹಾಕು.”

“ಯಾಕ್ ಸಾರ್? ಯಾರಾದ್ರೂ ಹಂಗೆ ಕೀಳ್ತಾರಾ?”

“ನಮ್ಮ ಕಡೆ ಕರೆಂಟೇ ಕೀಳುತ್ತೆ ಕಣಪ್ಪ.”

ನವೀನ್‌ಕುಮಾರ್ ನಕ್ಕ. ಆದರೆ ಕಿತ್ತ. ಮುನೀಂದ್ರ ತಾನು ತಂದ ಹಾರ್ಮೋನಿಯಂನ ತಿದಿಯನ್ನು ಬಲ ಮೊಣಕೈಯಿಂದ ನೂಕುತ್ತ, ಒಂದೇ ಕೀ ಒತ್ತಿ ಹಿಡಿದು ರೆಕಾರ್ಡ್ ಮಾಡಿಸಿದ. ಅದನ್ನು ಡಬ್ಬದಲ್ಲಿ ಕೇಳದೆ, ನವೀನ್‌ಕುಮಾರನ ಮೊಬೈಲಿಗೆ ಹಾಕಿಸಿ, ಪಕ್ಕದಲ್ಲಿ ಅದೇ ಕೀಯನ್ನು ಮತ್ತೆ ಒತ್ತಿದ. ಎರಡು ದನಿ ಒಂದೇ ಆಗಿದ್ದರೆ ಒಂದೇ ಗೆರೆ ಎಳೆದಂತೆ ನಿಲ್ಲುತ್ತವೆ. ಚೂರು ಬೇರೆಯಾದರೂ ನಡುವೆ ಅಲೆ ಏಳುತ್ತದೆ, ದನಿ ತೂಗುತ್ತದೆ. ಮೊದಲನೆಯ ಡಬ್ಬ ವೈರು ಹಾಕಿದಮೇಲೆ ಎದ್ದೇಳಲಿಲ್ಲ. ಎರಡನೆಯದು ಕಂಪ್ಯೂಟರನ್ನೇ ಕೆಡವಿತು. ಮೂರನೆಯದು ಚೆನ್ನಾಗಿತ್ತು, ಆದರೆ ಅದನ್ನು ಮಾಡಿದವರು ಹೊಸ ಲ್ಯಾಪ್‌ಟಾಪಿಗೆ ಬೇಕಾದ ಸಾಫ್ಟ್‌ವೇರ್ ಕೊಡುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ನಾಲ್ಕನೆಯದು ಏನೂ ಆಗದಂತೆ ರೆಕಾರ್ಡ್ ಮುಂದುವರಿಸಿತು. “ನೋಡಿ ಸಾರ್, ಬೆಂಕಿ!” ಅಂದ ನವೀನ್‌ಕುಮಾರ್. ಮುನೀಂದ್ರ ಕೀ ಒತ್ತಿದ. ಅಲೆ ಎದ್ದಿತು. ಡಬ್ಬವನ್ನು ನವೀನ್‌ಕುಮಾರನ ಕಡೆಗೆ ತಳ್ಳಿದ. “ಇದೇ ಜಾತಿದು ನಮ್ಮ ಮನೇಲಿರೋದು. ಒಳಗಿಡಪ್ಪ.”

ಐದನೆಯದು ಯಾರೋ ಬಳಸಿ ಮಾರಿದ್ದು. ಕಬ್ಬಿಣದ ಮೈ, ಜಜ್ಜಿದ ಮೂಲೆ, ಕರೆಂಟಿಗೆ ಅದರದೇ ಬೇರೆ ವೈರು. ಕಿತ್ತು ಹಾಕಿದಾಗ ಕೆಂಪು ದೀಪ ಹತ್ತಿಸಿಕೊಂಡು ನಿಂತುಬಿಟ್ಟಿತು. ರೆಕಾರ್ಡ್ ನಿಂತಿತ್ತು. ಬೆರಳಿನಿಂದ ಒತ್ತಿ ಮತ್ತೆ ಶುರು ಮಾಡುವವರೆಗೂ ಒಂದಕ್ಷರ ಬರೆದುಕೊಳ್ಳಲಿಲ್ಲ.

“ಇದು ಬೇಡ ಬಿಡಿ ಸಾರ್, ನಿಂತೇ ಹೋಯ್ತು.”

“ಇದೇ ಬೇಕು.”

“ಸಾರ್, ನಿಂತೋಗಿದ್ದು ಬೇಕಾ?”

“ನಿಂತೆ ಅಂತ ಹೇಳ್ತಲ್ಲಪ್ಪ. ಕೆಡದೇ ಇರೋದು ಯಾವುದೂ ಇಲ್ಲ. ಕೆಟ್ಟಾಗ ಕೆಟ್ಟೆ ಅಂತ ಹೇಳೋದು ಇದೊಂದೇ.”

ಮಾರನೆಯ ದಿನ ಸಣ್ಣ ಹಾರ್ಮೋನಿಯಂ ಹೊತ್ತು ಬೈರೇಶನ ಕೊಟ್ಟಿಗೆಗೆ ಒಬ್ಬನೇ ಹೋದ. ಬೈರೇಶ್ ಸುಟ್ಟ ಕರುವಿನ ಹಗ್ಗ ಕಟ್ಟಿದ್ದ ಗೂಟದ ಪಕ್ಕದಲ್ಲೇ ಕೂತು ಮಚ್ಚಿಗೆ ಸಾಣೆ ಕೊಡುತ್ತಿದ್ದ. ತಲೆ ಎತ್ತಿ, ಪ್ಲಾಸ್ಟರಿನ ಕೈ ನೋಡಿ, ಮತ್ತೆ ಬಗ್ಗಿದ.

“ಇನ್ನೊಂದು ಕೈ ಕೊಡೋಕ್ ಬಂದ್ರಾ?”

“ಕೊಡ್ತೀನಿ. ಅದಕ್ ಮುಂಚೆ ಎರಡು ನಿಮಿಷ ಕೇಳು.”

ಬೈರೇಶ್ ಎದ್ದು ಅವನ ಎದೆಬಟ್ಟೆ ಹಿಡಿದು ಗೋಡೆಗೆ ಒತ್ತಿದ. ಸಾಣೆಯ ನೀರು ಇನ್ನೂ ತೊಟ್ಟಿಕ್ಕುತ್ತಿದ್ದ ಮಚ್ಚು ಮುನೀಂದ್ರನ ಕಿವಿಯ ಪಕ್ಕದಲ್ಲಿತ್ತು. ಮುನೀಂದ್ರ ಎಡಗೈಯಿಂದ ಮೊಬೈಲ್ ಒತ್ತಿದ. ಪದ್ಯ ಶುರುವಾಯಿತು. “ಬಿಡು, ಪೆಟ್ಟಿಗೆ ಒತ್ಬೇಕು” ಅಂದ. ಯಾಕೋ ಬೈರೇಶ್ ಬಿಟ್ಟ. ಮುನೀಂದ್ರ ನೆಲಕ್ಕೆ ಕೂತು, ಮೊಣಕೈಯಿಂದ ತಿದಿ ನೂಕುತ್ತ, ಕಪ್ಪು ಒಂದು ಒತ್ತಿದ, ಬಿಳಿ ಎರಡು ಒತ್ತಿದ, ಕಪ್ಪು ಎರಡು ಒತ್ತಿದ. ಯಾವುದೂ ಮೊಬೈಲಿನ ಜೊತೆ ಕೂಡಲಿಲ್ಲ. ಮೂರು ತಿಂಗಳು ಆ ದನಿಯ ಜೊತೆ ಬದುಕಿದ್ದ ಕಿವಿ ಬೈರೇಶನದು. ಅವನಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

“ನೀವು ಹಾಡಿರೋದೇ ತಪ್ಪಾಗಿದೆಯಲ್ಲ ಮೇಷ್ಟ್ರೆ.”

“ನಾನು ಹಾಡಿದ್ದು ಸರಿ. ಡಬ್ಬ ತಪ್ಪಿಸ್ತು. ನಾನು ನೋಡ್ಲಿಲ್ಲ.”

“ಹಂಗಾದ್ರೆ ಅನಿಲ ಏನೂ ಮಾಡ್ಲಿಲ್ವಾ?”

“ನಕ್ಕ. ಅಷ್ಟೇ.”

“ನಗೋದು ಅಷ್ಟೇನಾ ಮೇಷ್ಟ್ರೆ?” ಬೈರೇಶ್ ಮಚ್ಚನ್ನು ಗೂಟಕ್ಕೆ ಬಲವಾಗಿ ಕಚ್ಚಿಸಿದ. ಪ್ಲಾಸ್ಟರ್ ನೋಡುತ್ತ, “ಕೈ ಹೆಂಗದೆ?” ಅಂದ.

“ಮುರಿದದೆ. ಭಾನುವಾರ ಹತ್ತು ಗಂಟೆಗೆ ನಮ್ಮನೆಗೆ ಬಾ. ಅವತ್ತು ಮಗ್ಗ ನಿಂತಿರ್ತವೆ, ಸದ್ದಿರಲ್ಲ. ಮೊದಲನೇ ಪದ್ಯ ನೀನೇ ಹಾಡು. ಊರಿಗೆಲ್ಲಾ ಕಳಿಸೋಣ. ಆಮೇಲೆ ಯಾರು ನಗ್ತಾರೋ ನಗಲಿ.”

ಅಲ್ಲಿಂದ ನೇರವಾಗಿ ಮನೆಗೆ ಬಂದಿದ್ದರೆ ಮುನೀಂದ್ರ ಇವತ್ತು ಬದುಕಿರುತ್ತಿದ್ದ. ಆದರೆ ಒಬ್ಬನಿಗೆ ಒಂದು ದಿನದ ಪಾಠ ಹೆಚ್ಚು ಹೇಳುತ್ತಿದ್ದಾನಲ್ಲ. ಊರು ದಾಟಿ, ದ್ರಾಕ್ಷಿ ತೋಟದ ಪಕ್ಕದ ಮನೆಗೆ ನಡೆದು ಹೋಗಿ ಅನಿಲ್‌ಕುಮಾರನ ಜಗಲಿಯ ಮೇಲೆ ಕೂತ. ಅನಿಲ್‌ಕುಮಾರನ ಹುಬ್ಬಿನ ಮೇಲೆ ಒಂಬತ್ತು ಹೊಲಿಗೆ. ಕಾಫಿ ತರಿಸಿದ. ಎಲ್ಲವನ್ನೂ ತಲೆದೂಗುತ್ತ ಕೇಳಿದ.

“ಭಾನುವಾರ ಎಷ್ಟೊತ್ತಿಗೆ ಮೇಷ್ಟ್ರೆ?”

“ಹತ್ತಕ್ಕೆ.”

“ತಮ್ಮಂದಿರನ್ನೂ ಕರ್ಕೊಂಡು ಬರ್ತಾನಾ?”

“ಹಾಡೋಕೆ ಅವರ್ಯಾಕಪ್ಪ? ಒಬ್ಬನೇ.”

“ಒಳ್ಳೇದಾಯ್ತು ಬಿಡಿ,” ಅಂದ ಅನಿಲ್‌ಕುಮಾರ್.

ಅವನು ಅಷ್ಟು ಕಾಳಜಿಯಿಂದ ಕೇಳಿದ್ದು ಮುನೀಂದ್ರನಿಗೆ ಸಂತೋಷವಾಯಿತು. ಮನೆಗೆ ಬಂದು ಶಿಲ್ಪಳಿಗೆ, “ಅನಿಲನೂ ಮೆತ್ತಗಾಗವನೆ” ಎಂದು ಹೇಳಿದ. ಇಪ್ಪತ್ತೆರಡು ವರ್ಷ ಜನರ ಗಂಟಲಿನ ಒಂದೊಂದು ತಪ್ಪನ್ನೂ ಹಿಡಿದವನಿಗೆ ಆ ಪ್ರಶ್ನೆಗಳಲ್ಲಿ ಏನೂ ಕೇಳಿಸಲಿಲ್ಲ.

ಭಾನುವಾರ ಬೈರೇಶ್ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದ. ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಒಂದು ಗೊನೆ ಬಾಳೆಹಣ್ಣು ಹಿಡಿದು ಬಂದಿದ್ದ. ಮುನೀಂದ್ರ ಎಡಗೈಯಿಂದ ಶ್ರುತಿ ಹಿಡಿದ. ಮೂರು ತಿಂಗಳ ರೂಢಿಯಿಂದ ಗಂಟಲು ಮೇಲಕ್ಕೇ ಎಳೆಯುತ್ತಿತ್ತು. ಎಂಟು ಸಲ ತಪ್ಪಿತು. ಮುನೀಂದ್ರ ಪಟ್ಟಿ ಎತ್ತಲಿಲ್ಲ. ಒಂಬತ್ತನೆಯ ಸಲ ದನಿ ಇಳಿದು ಕಪ್ಪು ಒಂದರಲ್ಲಿ ಕೂತಿತು. ಪದ್ಯ ಪೂರ್ತಿಯಾಯಿತು. ಡಬ್ಬದ ದೀಪ ಹಸಿರಾಗಿಯೇ ಇತ್ತು. ಬೈರೇಶ್ ಕಣ್ಣು ಬಿಟ್ಟು, “ಬಂತಾ ಮೇಷ್ಟ್ರೆ?” ಅಂದ.

“ಬಂತು ಕಣಯ್ಯ.”

ಬಾಗಿಲು ಒಡೆದು ಬಂದವರು ನಾಲ್ಕು ಜನ. ಮೊದಲ ಏಟು ಬೈರೇಶನ ಮುಂಗೈಗೆ ಬಿತ್ತು. ಮಾಂಸ ಬಿಚ್ಚಿ ಮೂಳೆ ಕಂಡಿತು. ಗೋಡೆಯ ಕೌದಿಗಳ ಮೇಲೆ ರಕ್ತ ಎರಚಿತು. ಅವನು ಮೈಕಿನ ಕಂಬ ಹಿಡಿದು ಒಬ್ಬನ ಮುಖಕ್ಕೆ ಚುಚ್ಚಿದ. ಅನಿಲ್‌ಕುಮಾರ್ ಎರಡು ಕೈಯಿಂದ ಮಚ್ಚು ಎತ್ತಿದ. ಮುನೀಂದ್ರ ಸ್ಟೂಲಿನಿಂದ ಎದ್ದು ಇಬ್ಬರ ನಡುವೆ ಬಂದು, “ಲೇ ಅನಿಲ, ಬೇಡ ಕಣೋ!” ಅಂದ. ಅನಿಲ್‌ಕುಮಾರ್ ಮಚ್ಚು ತಿರುಗಿಸಲು ನೋಡಿರಬೇಕು. ಅಲಗು ತಾಗಲಿಲ್ಲ, ಬೆನ್ನು ತಾಗಿತು. ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಮುನೀಂದ್ರ ಪೆಟ್ಟಿಗೆಯ ಮೇಲೆ ಬಿದ್ದ.

“ಅಯ್ಯೋ ಮೇಷ್ಟ್ರೆ...” ಅಂದವನು ಅನಿಲ್‌ಕುಮಾರನೇ. ಅವನ ಕೈಯಿಂದ ಮಚ್ಚು ಜಾರಿತು. ಬೈರೇಶ್ ಹಿಂದಿನ ಕಿಟಕಿಯಿಂದ ಗಲ್ಲಿಗೆ ಹಾರಿದ. ಅಡಿಗೆಮನೆಯಿಂದ ಶಿಲ್ಪ ಕುದಿಯುವ ಎಸರಿನ ಪಾತ್ರೆ ಹಿಡಿದು ಬಂದು ಎದುರಿಗಿದ್ದವನ ಮೇಲೆ ಸುರಿದಳು. ಅವಳ ಕೂಗಿಗೆ ಬೀದಿ ಸೇರುವಷ್ಟರಲ್ಲಿ ನಾಲ್ವರೂ ಬೈಕು ಹತ್ತಿ ಓಡಿದ್ದರು.

ಮುನೀಂದ್ರ ಎದ್ದು ಕೂತ. ರಕ್ತ ಹೆಚ್ಚು ಬಂದಿರಲಿಲ್ಲ. ಮಾತು ಸರಿಯಾಗಿತ್ತು. ಆ ಹೊತ್ತಿನಲ್ಲಿ ತಲೆಬುರುಡೆಯ ಒಳಗೆ ರಕ್ತ ತುಂಬುತ್ತಿತ್ತೆಂದು ಡಾಕ್ಟರು ಹೇಳಿದ್ದು ಆಮೇಲೆ.

“ಆಸ್ಪತ್ರೆಗೆ ಹೋಗೋಣ ಏಳ್ರೀ.”

“ತಡಿಯೇ, ತಲೆ ನೆಟ್ಟಗಿದೆ.”

ಅಷ್ಟರಲ್ಲಿ ಪಿಳ್ಳಪ್ಪನ ಫೋನು ಬಂತು. ಬೈರೇಶ್ ಗಲ್ಲಿಯಿಂದಲೇ ತಮ್ಮಂದಿರಿಗೆ ಸುದ್ದಿ ಕೊಟ್ಟಿದ್ದ. ‘ಮೇಷ್ಟ್ರನ್ನ ಕೊಂದ್ಬಿಟ್ರು’ ಎಂದು ಊರೆಲ್ಲ ಹಬ್ಬಿತ್ತು. “ಹದಿನೈದು ಜನ ಮಚ್ಚು, ದೊಣ್ಣೆ ಹಿಡ್ಕೊಂಡು ಟೆಂಪೊ ಹತ್ತವರೆ ಮೇಷ್ಟ್ರೆ. ಅನಿಲನ ತೋಟದ ಮನೇಲಿ ಹೆಂಗಸ್ರು ಮಕ್ಕಳು ಬಿಟ್ರೆ ಯಾರೂ ಇಲ್ಲ.”

ಶಿಲ್ಪ ಅವನ ತೋಳು ಹಿಡಿದು ಎಳೆದಳು. ಅವನು ಕೊಸರಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. ಬೈರೇಶನ ಒಂಬತ್ತನೆಯ ಹಾಡಿಕೆಯನ್ನು, ಬಾಗಿಲು ಒಡೆಯುವ ಸದ್ದಿನ ಮುಂಚಿನವರೆಗೆ ಮಾತ್ರ, ಬೇರೆ ಮಾಡಿ ಮೊಬೈಲಿಗೆ ಹಾಕಿಕೊಂಡ. ಹಾರ್ಮೋನಿಯಂನ ಒಂದು ಬದಿ ಒಡೆದಿತ್ತು, ಕಪ್ಪು ಒಂದು ನುಡಿಯುತ್ತಿತ್ತು. ಮೊಬೈಲನ್ನು ಪಕ್ಕದಲ್ಲಿಟ್ಟು ಒತ್ತಿ ಕೇಳಿದ. ಎರಡೂ ಒಂದೇ ಗೆರೆಯಲ್ಲಿ ನಿಂತವು. ಊರಿನ ನಾಟಕದವರ ವಾಟ್ಸ್ಯಾಪ್ ಗುಂಪಿನಲ್ಲಿ ಎರಡೂ ಕಡೆಯ ನೂರನಲವತ್ತು ಜನ ಇದ್ದರು. ಪದ್ಯವನ್ನು ಅದಕ್ಕೆ ಹಾಕಿದ. ಆಮೇಲೆ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದ. ದನಿ ನಡುಗದಂತೆ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ನಾನು ಮುನೀಂದ್ರ ಮಾತಾಡ್ತಾ ಇರೋದು. ನಂಗೇನೂ ಆಗಿಲ್ಲ, ಚೆನ್ನಾಗಿದ್ದೀನಿ. ಟೆಂಪೊ ಹತ್ತಿರೋರು ಇಳೀರಪ್ಪ. ಇದು ಬೈರೇಶ ಹಾಡಿರೋದು, ಶ್ರುತಿ ಕಪ್ಪು ಒಂದು, ಸರಿಯಾಗದೆ. ಅವತ್ತು ನಾಟಕದಾಗೆ ಆಗಿದ್ದು ಅವನ ತಪ್ಪಲ್ಲ, ಅನಿಲನದೂ ಅಲ್ಲ. ನಾನು ಕೊಟ್ಟ ಶ್ರುತಿ ತಪ್ಪು. ತಪ್ಪು ನಂದು.”

ಎಡಗೈಯ ಹೆಬ್ಬೆರಳಿನಿಂದ ಒತ್ತಿ ಕಳಿಸಿದ.